ನಮ್ಮವರೇ ಇರುವ ಕಡೆ ನಿಯಮ ಯಾಕೆ?

ಹೋದ ತಿಂಗಳು ನಮ್ಮ ಬೈಸೆಕ್ಷುವಲ್ ಕೂಟದಲ್ಲಿ, ಅಂದರೆ ಒಂದೇ ಲಿಂಗದವರ ಕಡೆಗಲ್ಲದೆ ಗಂಡು, ಹೆಣ್ಣು ಎರಡೂ ಕಡೆ ಮನಸ್ಸು ವಾಲುವವರ ಕೂಟದಲ್ಲಿ, ಬಾಗಿಲ ಹತ್ತಿರದ ಟೇಬಲ್ ನನ್ನ ಪಾಲಿಗೆ ಬಂದಿತ್ತು. ಬಂದವರಿಗೆ ಹೆಸರಿನ ಚೀಟಿ ಕೊಡುವುದು, ನಿಯಮಗಳ ಹಾಳೆ ಓದಲು ಕೊಡುವುದು, ಅಷ್ಟೇ ಕೆಲಸ. ಒಬ್ಬರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟೊಂದು ರೂಲ್ಸ್ ಯಾಕೆ ಮೇಡಂ? ಇಲ್ಲಿ ಎಲ್ಲ ನಮ್ಮವರೇ ಅಲ್ವಾ?" ಎಂದರು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ. ಹೊರಗೆ ಎಲ್ಲ ಕಡೆ ಅಳೆದು ತೂಗಿ ಮಾತಾಡಿ ಸಾಕಾಗಿರುತ್ತದೆ. ಇಲ್ಲಾದರೂ ಆರಾಮಾಗಿ ಇರೋಣ ಅಂತ ಬಂದರೆ ಇಲ್ಲೂ ಒಂದು ಪಟ್ಟಿ. ಹಿಂದೆ ಸಾಲು ನಿಂತಿತ್ತು, ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮವರೇ ಇರುವುದರಿಂದಲೇ ನಿಯಮ ಬೇಕು. ಆಫೀಸಿನಲ್ಲಿ ಯಾರೋ ಚುಚ್ಚಿ ಮಾತಾಡಿದರೆ, ನೆಂಟರ ಮನೆಯಲ್ಲಿ ಯಾರೋ ಹೀಯಾಳಿಸಿದರೆ, ಅದನ್ನು ಹೇಳಿಕೊಳ್ಳಲು ಈ ಕೂಟ ಇದೆ. ಈ ಕೂಟದಲ್ಲೇ ನೋವಾದರೆ? ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡು ಹೆಣ್ಣಿನ ಜೋಡಿಗಳೇ ಇರುವ ಕಡೆ ನಾವು ವಿಚಿತ್ರದವರು. ಗೇ, ಲೆಸ್ಬಿಯನ್ ಗೆಳೆಯರ ನಡುವೆ ಎಷ್ಟೋ ಸಲ ನಾವು 'ಇನ್ನೂ ತೀರ್ಮಾನ ಮಾಡದವರು'. ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ಕೊನೆಗೆ ಒಂದು ಕೋಣೆಯಲ್ಲಿ ಸೇರಿದವರು ನಾವು. ಇಲ್ಲಿಂದ ಒಬ್ಬರು ಮನಸ್ಸು ಮುರಿದು ಎದ್ದು ಹೋದರೆ ಇನ್ನೊಂದು ಗುಂಪಿಗೆ ಹೋಗುವುದಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಹಾಳೆಯ ಮೊದಲ ಸಾಲೇ ಫೋಟೋದ ಬಗ್ಗೆ. ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ, ಸೆಲ್ಫಿ ತೆಗೆಯುವಾಗ ಹಿಂದೆ ಯಾರಿದ್ದಾರೆ ನೋಡಿ. ಬಹಳ ಜನ ಇದನ್ನು ಸುಮ್ನೆ ಮರ್ಯಾದೆಯ ಮಾತು ಅಂದುಕೊಳ್ಳುತ್ತಾರೆ. 2019ರಲ್ಲಿ ಅಮೆರಿಕದ ಸಮೀಕ್ಷೆ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ ಒಂದು ಲೆಕ್ಕ ಪ್ರಕಟಿಸಿತ್ತು. ತಮ್ಮ ಬದುಕಿನಲ್ಲಿ ಮುಖ್ಯವಾದವರಲ್ಲಿ ಎಲ್ಲರಿಗೂ ಅಥವಾ ಹೆಚ್ಚಿನವರಿಗೆ ತಮ್ಮ ವಿಷಯ ಗೊತ್ತಿದೆ ಎಂದ ಗೇ, ಲೆಸ್ಬಿಯನ್ ಜನ ಶೇ. 75ರಷ್ಟಿದ್ದರು. ಬೈಸೆಕ್ಷುವಲ್ ಜನರಲ್ಲಿ ಹಾಗೆ ಹೇಳಿದವರು ಬರೀ ಶೇ. 19. ಒಬ್ಬರಿಗೂ ಹೇಳಿಲ್ಲ ಎಂದವರು ಸುಮಾರು ಕಾಲು ಭಾಗ. ಅದು ಅಲ್ಲಿನ ಲೆಕ್ಕ, ನಿಜ. ಆದರೆ ನಮ್ಮ ಕೋಣೆಯಲ್ಲಿ ಕೂತವರಲ್ಲಿ ಎಷ್ಟು ಜನ ಮನೆಯಲ್ಲಿ ಬೇರೇನೋ ಹೇಳಿ ಬಂದಿರುತ್ತಾರೆ ಅಂತ ಒಂದು ಸಲ ಯೋಚಿಸಿ. ಮೂಲೆಯಲ್ಲಿ ನೀರು ಕುಡಿಯುತ್ತಾ ನಿಂತವರ ಅರ್ಧ ಮುಖ ನಿಮ್ಮ ಸೆಲ್ಫಿಯಲ್ಲಿ ಬಂದರೆ ಸಾಕು. ನೀವು ಅದನ್ನು ಹಾಕಿದ ಹತ್ತು ನಿಮಿಷದಲ್ಲಿ ಅದು ಅವರ ತಮ್ಮನ ಫೋನಿನಲ್ಲಿರಬಹುದು.

ನಮ್ಮ ಬಾವುಟ ನೋಡಿದ್ದೀರಲ್ಲ, ಮೇಲೆ ಗುಲಾಬಿ, ಕೆಳಗೆ ನೀಲಿ, ನಡುವೆ ಸಣ್ಣದೊಂದು ನೇರಳೆ ಪಟ್ಟಿ. 1998ರಲ್ಲಿ ಅದನ್ನು ಮಾಡಿದವರು ಮೈಕೆಲ್ ಪೇಜ್. ನೇರಳೆ ಬಣ್ಣ ಗುಲಾಬಿಯೊಳಗೂ ನೀಲಿಯೊಳಗೂ ಗೊತ್ತೇ ಆಗದ ಹಾಗೆ ಬೆರೆತುಹೋಗುತ್ತದೆ, ಬೈಸೆಕ್ಷುವಲ್ ಜನರೂ ಎರಡೂ ಕಡೆ ಹಾಗೇ ಬೆರೆತು ಕಾಣದೆ ಹೋಗುತ್ತಾರೆ ಅನ್ನುವುದು ಅವರ ಯೋಚನೆ. ಕೂಟ ಮುಗಿಯುವ ಹೊತ್ತಿಗೆ ಬಾಗಿಲ ಹತ್ತಿರ ನಿಂತರೆ ನನಗೆ ಇದು ಕಣ್ಣೆದುರೇ ಕಾಣುತ್ತದೆ. ಆ ಮೂರು ಬಣ್ಣದ ಪಿನ್ ಅಂಗಿಗೆ ಚುಚ್ಚಿಕೊಂಡವರು ಮೆಟ್ಟಿಲು ಇಳಿಯುವ ಮೊದಲು ಒಂದು ಕ್ಷಣ ನಿಲ್ಲುತ್ತಾರೆ. ಪಿನ್ ಬಿಚ್ಚಿ, ಹಿಂದಿನ ಮುಚ್ಚಳ ಹಾಕಿ, ಪರ್ಸಿನ ಚಿಲ್ಲರೆ ಹಾಕುವ ಜಾಗದಲ್ಲಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಅಂಗಿಯಲ್ಲಿ ಉಳಿದ ತೂತನ್ನು ಬೆರಳಿನಿಂದ ಒಮ್ಮೆ ಉಜ್ಜಿ ಸರಿ ಮಾಡುತ್ತಾರೆ. ಹೊರಗೆ ಕಾಣುವುದೋ ಬೇಡವೋ ಅನ್ನುವುದನ್ನು ಅವರವರೇ ತೀರ್ಮಾನ ಮಾಡಬೇಕು. ಒಂದು ಫೋಟೋ ಆ ತೀರ್ಮಾನವನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತದೆ.

ಫೋಟೋ ಒಂದೇ ಅಲ್ಲ. ಕೂಟದಲ್ಲಿ ಪರಿಚಯ ಆದವರ ನಂಬರನ್ನು 'ಬೈ ಮೀಟ್' ಅಂತ ಹೆಸರಿನ ಮುಂದೆ ಸೇರಿಸಿ ಸೇವ್ ಮಾಡಿಕೊಳ್ಳಬೇಡಿ. ನಿಮ್ಮ ಫೋನ್ ಬೇರೆಯವರ ಕೈಯಲ್ಲಿದ್ದಾಗ ಅವರ ಕರೆ ಬಂದರೆ ಎಲ್ಲ ಮುಗಿಯಿತು. ಗುಂಪಿನ ಮಾತಿನ ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಕಳಿಸಬೇಡಿ. ಇಂಥ ಜಾಗದಲ್ಲಿ ಇದ್ದೇನೆ ಅಂತ ಲೊಕೇಶನ್ ಹಾಕುವ ಆಸೆ ಇದ್ದರೆ ಕೂಟ ಮುಗಿದು ಎಲ್ಲ ಹೋದ ಮೇಲೆ, ಅದೂ ಜಾಗದ ಹೆಸರಿಲ್ಲದೆ ಹಾಕಿ.

ಇನ್ನೊಂದು ಸಾಲಿದೆ, 'ಹೊರಗೆ ಸಿಕ್ಕಾಗ ಅವರು ಮಾತಾಡಿಸುವವರೆಗೆ ನೀವು ಮಾತಾಡಿಸಬೇಡಿ.' ಇದನ್ನು ಸೇರಿಸಿದವಳು ನಾನು. ಯಾಕೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆ. ನನಗಿಂತ ಎರಡು ಜನ ಮುಂದೆ ನಮ್ಮ ಕೂಟಕ್ಕೆ ಬರುವ ಒಬ್ಬ ಹುಡುಗಿ ಇದ್ದಳು. ಕಂಡ ಖುಷಿಯಲ್ಲಿ, "ಏನಮ್ಮಾ, ಹೋದ ಸಲ ಮೀಟ್‌ಗೆ ಬರ್ಲೇ ಇಲ್ಲ?" ಎಂದುಬಿಟ್ಟೆ. ಅವಳು ತಿರುಗಿದಳು. ಪಕ್ಕದಲ್ಲಿದ್ದ ಹೆಂಗಸೂ ತಿರುಗಿದರು. ಅವಳ ಅಮ್ಮ. "ಯಾವ ಮೀಟೇ?" ಎಂದು ಮಗಳನ್ನು ಕೇಳಿದರು, ನಗುತ್ತಲೇ. ಅವಳ ಕೈಯಲ್ಲಿ ಪಾಸ್‌ಬುಕ್ ಇತ್ತು. ಅದರ ಮೂಲೆಯನ್ನು ಹೆಬ್ಬೆರಳಲ್ಲಿ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಬಾಯಿಂದ ಒಂದು ಮಾತು ಹೊರಡಲಿಲ್ಲ. "ಪುಸ್ತಕ ಓದೋ ಗುಂಪು ಆಂಟಿ" ಎಂದು ನಾನೇ ಹೇಳಿದೆ. "ಇವಳು ಪುಸ್ತಕ ಓದೋದಾ?" ಎಂದರು ಅಮ್ಮ. ಅಷ್ಟರಲ್ಲಿ ಅವರ ಸರದಿ ಬಂತು. ಆಮೇಲೆ ಮನೆಯಲ್ಲಿ ಏನಾಯಿತು, ಎಷ್ಟು ಪ್ರಶ್ನೆ ಬಂತು, ನನಗೆ ಗೊತ್ತಿಲ್ಲ. ಅವಳು ಕೂಟಕ್ಕೆ ಬರುವುದು ನಿಂತಿತು. ನಾನು ಕೆಟ್ಟ ಉದ್ದೇಶದಿಂದ ಕೂಗಲಿಲ್ಲ. ಅದರಿಂದ ಅವಳಿಗೆ ಏನೂ ಉಪಯೋಗ ಆಗಲಿಲ್ಲ.

ಇನ್ನು ಮುಟ್ಟುವ ವಿಷಯ. ಅಪ್ಪಿಕೊಳ್ಳುವ ಮೊದಲು ಕೇಳಿ, ಹೆಗಲ ಮೇಲೆ ಕೈ ಹಾಕುವ ಮೊದಲು ಕೇಳಿ. 'ಇಲ್ಲ' ಅಂದರೆ ಇಲ್ಲ ಅನ್ನುವುದು ಈಗ ಎಲ್ಲರಿಗೂ ಬಾಯಿಪಾಠ. ತೊಂದರೆ ಏನೆಂದರೆ ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ 'ಇಲ್ಲ' ಅನ್ನುವವರು ಎಷ್ಟು ಜನ? 'ನೋಡೋಣ' ಅನ್ನುತ್ತೇವೆ. 'ಆಮೇಲೆ ಹೇಳ್ತೀನಿ' ಅನ್ನುತ್ತೇವೆ. ನಕ್ಕು ಸುಮ್ಮನಾಗುತ್ತೇವೆ. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಸಾಲ ಕೇಳಿದಾಗ ಎದುರಿನವರು 'ನೋಡೋಣ' ಅಂದರೆ ಅದರ ಅರ್ಥ ನಮಗೆ ತಕ್ಷಣ ಗೊತ್ತಾಗುತ್ತದೆ. 'ಕಾಫಿಗೆ ಬರ್ತೀರಾ' ಅಂತ ಕೇಳಿದಾಗ ಬಂದ 'ನೋಡೋಣ' ಮಾತ್ರ ಗೊತ್ತಾಗುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಒಂದು ಸಲ ಕೇಳಿ. 'ಹೂಂ' ಅಂತ ಬಾಯಿ ಬಿಟ್ಟು ಹೇಳದಿದ್ದರೆ ಅಲ್ಲಿಗೆ ಬಿಡಿ. ನಾಲ್ಕು ಸಲ ಕೇಳಿ ಒಪ್ಪಿಸಿದ್ದು ಒಪ್ಪಿಗೆಯಲ್ಲ.

ಹೆಸರಿನ ಚೀಟಿಯ ಜೊತೆ ಕೊಡುವ ಬಣ್ಣದ ಸ್ಟಿಕರ್ ಇರುವುದೂ ಇದಕ್ಕೇ. ಹಸಿರು ಇದ್ದರೆ ಯಾರು ಬೇಕಾದರೂ ಬಂದು ಮಾತಾಡಿಸಬಹುದು. ಹಳದಿ ಇದ್ದರೆ ಮೊದಲೇ ಪರಿಚಯ ಇದ್ದವರು ಮಾತ್ರ. ಕೆಂಪು ಇದ್ದರೆ ಅವರಾಗಿ ಬಂದು ಮಾತಾಡಿಸುವವರೆಗೆ ಬಿಟ್ಟುಬಿಡಿ. ಆಟಿಸಂ ಇರುವವರು ತಮ್ಮ ಕೂಟಗಳಿಗೆ ಅಂತ ಮಾಡಿಕೊಂಡ ಪದ್ಧತಿ ಇದು, ಅಲ್ಲಿಂದ ಬೇರೆ ಕಡೆಗೂ ಬಂತು. ಬಣ್ಣ ಗುರುತಿಸಲು ಕಷ್ಟ ಇರುವವರಿಗಾಗಿ ಸ್ಟಿಕರ್ ಮೇಲೆ ಬಣ್ಣದ ಹೆಸರನ್ನೂ ಬರೆಯುತ್ತೇವೆ. ಮಧ್ಯದಲ್ಲಿ ಬದಲಾಯಿಸಿಕೊಳ್ಳಲೂಬಹುದು. ಹಸಿರು ಹಾಕಿಕೊಂಡು ಬಂದವರು ಒಂದು ಗಂಟೆ ಆದ ಮೇಲೆ ಸುಸ್ತಾಗಿ ಕೆಂಪು ಕೇಳಿದರೆ ಕೊಡುತ್ತೇವೆ, ಯಾಕೆ ಅಂತ ಕೇಳುವುದಿಲ್ಲ. ಹಸಿರು ಅಂದರೆ ಮಾತಿಗೆ ಹಸಿರು, ಮುಟ್ಟಲು ಅಲ್ಲ. ಇದನ್ನು ಪ್ರತಿ ಸಲ ಹೇಳಬೇಕಾಗುತ್ತದೆ.

ಈಗ ನನಗೆ ಬಹಳ ಮನಸ್ಸಿಗೆ ಹತ್ತಿರದ ನಿಯಮ. ಯಾರಿಂದಲೂ ಪುರಾವೆ ಕೇಳಬೇಡಿ. "ನಿಮ್ಗೆ ಯಾರು ಜಾಸ್ತಿ ಇಷ್ಟ, ಗಂಡಸರೋ ಹೆಂಗಸರೋ?" "ಹೆಂಗಸರ ಜೊತೆ ಸಂಬಂಧ ಇತ್ತಾ, ಇಲ್ಲಾ ಬರೀ ಮನಸ್ಸಲ್ಲೇನಾ?" ಹೊರಗಿನವರು ಕೇಳಿದರೆ ಅಭ್ಯಾಸ ಆಗಿದೆ. ನಮ್ಮವರೇ ಕೇಳಿದಾಗ ಎದೆಗೆ ನಾಟುತ್ತದೆ. ನನ್ನ ಸಂಗಾತಿ ಗಂಡಸು. ಹದಿನಾಲ್ಕು ವರ್ಷದಿಂದ ಜೊತೆಗಿದ್ದೇವೆ. ಮೊದಲ ಸಲ ಒಂದು ಕೂಟಕ್ಕೆ ಹೋದಾಗ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮತ್ತೆ ನಿಮಗೆ ಇಲ್ಲೇನು ಕೆಲಸ?" ಎಂದರು. ನಾನು ಅಲ್ಲಿಂದ ಎದ್ದು ಬಂದೆ, ಮತ್ತೆ ಇಂಥ ಕೋಣೆಯ ಹೊಸ್ತಿಲು ತುಳಿಯಲು ಮೂರು ವರ್ಷ ಬೇಕಾಯಿತು. 1948ರಷ್ಟು ಹಿಂದೆಯೇ ಅಮೆರಿಕದ ಸಂಶೋಧಕ ಆಲ್ಫ್ರೆಡ್ ಕಿನ್ಸಿ, ಬರೀ ಬೇರೆ ಲಿಂಗದವರ ಕಡೆಗಿನ ಸೆಳೆತಕ್ಕೆ ಸೊನ್ನೆ, ಬರೀ ತಮ್ಮದೇ ಲಿಂಗದವರ ಕಡೆಗಿನ ಸೆಳೆತಕ್ಕೆ ಆರು ಅಂತ ಅಳತೆ ಮಾಡಿ, ಜನ ಎರಡೇ ಡಬ್ಬಿಯಲ್ಲಿ ಹಿಡಿಸುವುದಿಲ್ಲ ಎಂದು ತೋರಿಸಿದರು. ಆ ಅಳತೆಪಟ್ಟಿಯನ್ನು ಹಿಡಿದು ನಾವೇ ಒಬ್ಬರನ್ನೊಬ್ಬರು ಅಳೆಯಲು ಹೊರಟರೆ ಹೇಗೆ? ಒಬ್ಬರನ್ನೂ ಪ್ರೀತಿಸದವರು, ಒಬ್ಬರನ್ನೇ ಪ್ರೀತಿಸಿದವರು, ಮದುವೆ ಆದವರು, ಇನ್ನೂ ಖಾತ್ರಿ ಇಲ್ಲದವರು, ಎಲ್ಲರಿಗೂ ಕುರ್ಚಿ ಇದೆ. ಜೊತೆಗೆ ಬಂದ ಸಂಗಾತಿ ಬೈಸೆಕ್ಷುವಲ್ ಅಲ್ಲದಿದ್ದರೂ ಅವರಿಗೂ ಇದೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ಮಾತು. ನೋಡಿದ ತಕ್ಷಣ 'ಅಕ್ಕ', 'ಅಣ್ಣ', 'ಸಾರ್' ಅನ್ನುವುದು ನಮ್ಮ ಬಾಯಿಗೆ ಬಂದ ಗೌರವ. ಆದರೆ ಎದುರಿನವರು ಟ್ರಾನ್ಸ್ ಆಗಿರಬಹುದು, ಗಂಡೂ ಅಲ್ಲದ ಹೆಣ್ಣೂ ಅಲ್ಲದವರಾಗಿರಬಹುದು. ಚೀಟಿಯಲ್ಲಿ ಹೆಸರಿದೆ, ಆ ಹೆಸರು ಹಿಡಿದು ಕರೆಯಿರಿ. ಗೊತ್ತಾಗದಿದ್ದರೆ 'ಅವರು' ಅನ್ನಿ. ಕನ್ನಡದಲ್ಲಿ ಎಂಥ ಸುಲಭದ ದಾರಿ ಇದೆ ನೋಡಿ, ಗೌರವವೂ ಆಯಿತು, ತಪ್ಪೂ ಆಗಲಿಲ್ಲ.

ಜೋಡಿಯಾಗಿ ಬಂದು ಮೂರನೆಯವಳನ್ನು ಹುಡುಕುವವರ ಬಗ್ಗೆಯೂ ಹೇಳಲೇಬೇಕು. ಎಲ್ಲರಿಗೂ ಒಪ್ಪಿಗೆ ಇದ್ದು ಮೂವರು ಜೊತೆಗಿದ್ದರೆ ಅದು ಅವರ ಬದುಕು, ನನ್ನ ತಕರಾರಿಲ್ಲ. ಆದರೆ ಒಬ್ಬಳೇ ಬಂದು ಕೂತ ಹುಡುಗಿಯ ಎರಡು ಪಕ್ಕದಲ್ಲಿ ಇಬ್ಬರು ಕೂತು, ಐದು ನಿಮಿಷದಲ್ಲಿ ಮಾತನ್ನು ಅಲ್ಲಿಗೇ ಎಳೆದರೆ ಅವಳು ಎಲ್ಲಿಗೆ ಏಳಬೇಕು? 'ಬೈ ಅಂದ್ರೆ ಎಲ್ಲದಕ್ಕೂ ರೆಡಿ' ಅನ್ನುವ ಹೊರಗಿನವರ ಕಟ್ಟುಕತೆಯನ್ನೇ ಇವರು ಒಳಗೆ ಹೊತ್ತು ತರುತ್ತಾರೆ. ಇಲ್ಲಿ ಅದು ಬೇಡ. ಖಡಾಖಂಡಿತವಾಗಿ ಬೇಡ.

ಇಷ್ಟೆಲ್ಲ ಬರೆದು, ಯಾರಾದರೂ ತಪ್ಪಿ ನಡೆದಾಗ ಏನು ಮಾಡುತ್ತೇವೆ ಅಂತ ಬರೆಯದಿದ್ದರೆ ಆ ಹಾಳೆಗೆ ಬೆಲೆ ಇಲ್ಲ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 2010ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಬೈಸೆಕ್ಷುವಲ್ ಹೆಂಗಸರಲ್ಲಿ ಶೇ. 61ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ಅತ್ಯಾಚಾರ, ಹೊಡೆತ ಅಥವಾ ಬೆನ್ನುಬೀಳುವ ಕಾಟ ಅನುಭವಿಸಿದ್ದರು. ಲೆಸ್ಬಿಯನ್ ಹೆಂಗಸರಲ್ಲಿ ಅದು ಶೇ. 44, ಗಂಡಸರನ್ನಷ್ಟೇ ಇಷ್ಟಪಡುವ ಹೆಂಗಸರಲ್ಲಿ ಶೇ. 35. ಅಂದರೆ ನಮ್ಮ ಬಾಗಿಲಿಗೆ ಬರುವವರಲ್ಲಿ ಎಷ್ಟೋ ಜನ ಮೊದಲೇ ಗಾಯ ಹೊತ್ತು ಬಂದಿರುತ್ತಾರೆ. ಅವರು ದೂರು ಹೇಳಲು ಬಂದಾಗ 'ಅವರು ಒಳ್ಳೆಯವರು, ಹಾಗೆ ಮಾಡ್ಲಿಕ್ಕಿಲ್ಲ' ಅನ್ನುವ ಒಂದು ಮಾತು ಸಾಕು, ಮುಂದಿನ ಸಲ ಯಾರೂ ಹೇಳುವುದಿಲ್ಲ. ಅದಕ್ಕೇ ದೂರು ಕೇಳಲು ಇಬ್ಬರನ್ನು ಇಟ್ಟಿದ್ದೇವೆ, ಒಬ್ಬರ ಮೇಲೇ ದೂರು ಬಂದರೆ ಇನ್ನೊಬ್ಬರು ಇರುತ್ತಾರೆ. ದೂರು ಕೊಟ್ಟವರನ್ನೂ ಯಾರ ಮೇಲೆ ದೂರು ಬಂತೋ ಅವರನ್ನೂ ಎದುರು ಬದುರು ಕೂರಿಸಿ ಪಂಚಾಯಿತಿ ಮಾಡುವುದಿಲ್ಲ. ಕೂಟ ಶುರು ಮಾಡಿದವರ ಮೇಲೇ ದೂರು ಬಂದರೂ ಅದೇ ಹಾಳೆ, ಅದೇ ಸಾಲು. ನನ್ನ ಮೇಲೆ ಬಂದರೂ ಅಷ್ಟೇ. ಬ್ರಿಟನ್ನಿನಲ್ಲಿ 1984ರಿಂದ ನಡೆದುಕೊಂಡು ಬಂದಿರುವ ಬೈಕಾನ್ ಅನ್ನುವ ಬೈಸೆಕ್ಷುವಲ್ ಜನರ ಕೂಟಕ್ಕೂ ಇಂಥ ನಡತೆಯ ನಿಯಮಗಳಿವೆ. ನಾವೇನೂ ಹೊಸದು ಕಂಡುಹಿಡಿದಿಲ್ಲ.

ತಪ್ಪು ಮಾಡಿದವರು ಏನು ಮಾಡಬೇಕು? ನಾನು ಮಾಡಿದ್ದು ಹೇಳುತ್ತೇನೆ. ಬ್ಯಾಂಕಿನ ಘಟನೆಯಾದ ಮೇಲೆ ಆ ಹುಡುಗಿಗೆ ಒಂದೇ ಒಂದು ಮೆಸೇಜ್ ಕಳಿಸಿದೆ. ನನ್ನಿಂದ ತಪ್ಪಾಯಿತು, ನೀನು ಉತ್ತರ ಕೊಡಬೇಕಾಗಿಲ್ಲ ಅಂತ. ಉದ್ದೇಶ ಹಾಗಿರಲಿಲ್ಲ ಅಂತ ವಿವರಿಸಲು ಹೋಗಲಿಲ್ಲ. ಉತ್ತರ ಬರಲಿಲ್ಲ, ನಾನೂ ಮತ್ತೆ ಕಳಿಸಲಿಲ್ಲ. ಎಂಟು ತಿಂಗಳಾದ ಮೇಲೆ ಒಂದು ದಿನ ಟೇಬಲ್ ಮುಂದೆ ನಿಂತಿದ್ದಳು. ಹೆಸರಿನ ಚೀಟಿಯಲ್ಲಿ ಬೇರೆ ಹೆಸರು ಬರೆದಳು. ನಾನು ಏನೂ ಕೇಳದೆ ಆ ಹೆಸರಿನಲ್ಲೇ ಸ್ವಾಗತ ಹೇಳಿ ಹಾಳೆ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದಳು.

"ಹೊರಗೆ ಸಿಕ್ಕಾಗ ಅನ್ನೋದು ಮೊದ್ಲು ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ" ಎಂದೆ.

ಹಳದಿ ಸ್ಟಿಕರ್ ತೆಗೆದುಕೊಂಡು ಒಳಗೆ ಹೋದಳು.