ನನ್ನ ಬೀರುವಿನಲ್ಲಿ ಅವನ ಕಸ್ಟರ್ಡ್

ಬೀರು ಇರೋದು ಬಟ್ಟೆ ಇಡೋಕೆ. ಇಷ್ಟು ಸಣ್ಣ ವಿಷಯವನ್ನು ನನ್ನ ರೂಮ್‌ಮೇಟ್ ತಲೆಗೆ ತುಂಬಿಸಲು ನನಗೆ ಇನ್ನೂ ಸಾಧ್ಯವಾಗಿಲ್ಲ. ಅವನ ಪ್ರಕಾರ ಬೀರು ಅಂದ್ರೆ ಕತ್ತಲು, ತಂಪು, ಬಿಸಿಲು ಬೀಳದ ಮೂಲೆ. ಮನೆಯಲ್ಲೇ ಮಾಡಿದ ವೇಪ್ ಜ್ಯೂಸ್, ಅಂದ್ರೆ ಇ-ಸಿಗರೇಟಿಗೆ ಹಾಕೋ ದ್ರವ, ಸ್ಟೀಪ್ ಆಗೋಕೆ, ಅಂದ್ರೆ ಇಟ್ಟಲ್ಲೇ ಮಾಗೋಕೆ, ಇದಕ್ಕಿಂತ ಒಳ್ಳೆ ಜಾಗ ಇಲ್ಲವಂತೆ. ಅವನಿಗೂ ಒಂದು ಬೀರು ಇದೆ. ಆದರೆ ಅದು ಕಿಟಕಿ ಪಕ್ಕ ಇದೆ, ಮಧ್ಯಾಹ್ನ ಬಿಸಿಯಾಗುತ್ತದಂತೆ. ಹಾಗಾಗಿ ನನ್ನ ಬೀರು.

ಇವತ್ತು ಮೀಟಿಂಗ್ ನಡೀತಾ ಇದ್ದಾಗ ಪಕ್ಕದಲ್ಲಿ ಕೂತಿದ್ದವರು ಮೂಗು ಅರಳಿಸಿ, ಅತ್ತಿತ್ತ ನೋಡಿ, "ಇಲ್ಲಿ ಯಾರಾದ್ರೂ ಕೇಕ್ ತಂದಿದ್ದೀರಾ?" ಅಂತ ಕೇಳಿದರು. ಯಾರೂ ತಂದಿರಲಿಲ್ಲ. ಅದು ನನ್ನ ಅಂಗಿ. ಇಸ್ತ್ರಿ ಮಾಡಿ ನೇತು ಹಾಕಿದ ಅಂಗಿಯ ಕೆಳಗೆ ಇವನು ರಾತ್ರಿಯಿಡೀ ಬಾಟ್ಲಿಗಳ ಮುಚ್ಚಳ ತೆಗೆದಿಟ್ಟಿದ್ದ. ಕೇಳಿದರೆ, "ಅದು ಉಸಿರಾಡಬೇಕು ಗುರು" ಅಂದ. ಹೊಸದಾಗಿ ಬೆರೆಸಿದ ಜ್ಯೂಸ್‌ನಲ್ಲಿ ಫ್ಲೇವರ್ ಜೊತೆ ಬಂದ ಆಲ್ಕೋಹಾಲ್ ಘಾಟು ಇರುತ್ತದೆ, ಮುಚ್ಚಳ ತೆಗೆದಿಟ್ಟರೆ ಅದು ಹಾರಿಹೋಗುತ್ತದೆ ಅನ್ನೋದು ಲೆಕ್ಕ. ಹಾರಿಹೋಗಿ ಎಲ್ಲಿಗೆ ಸೇರುತ್ತದೆ ಅನ್ನೋದನ್ನು ಯಾರೂ ಯೋಚಿಸಿಲ್ಲ. ನನ್ನ ಕಾಲರ್‌ಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇಷ್ಟವಿಲ್ಲದಿದ್ದರೂ ನಾನು ಇದರಲ್ಲಿ ಪಂಡಿತನಾಗಿದ್ದೇನೆ. ವೇಪ್ ಜ್ಯೂಸ್ ಅಂದರೆ ಮುಖ್ಯವಾಗಿ ಎರಡು ದ್ರವ. ಒಂದು ತೆಳ್ಳಗಿನ ಪ್ರೊಪಿಲೀನ್ ಗ್ಲೈಕಾಲ್, ಎಲ್ಲರೂ ಪೀಜಿ ಅಂತಾರೆ. ಇನ್ನೊಂದು ಗಟ್ಟಿಯಾದ ವೆಜಿಟಬಲ್ ಗ್ಲಿಸರಿನ್, ಅದು ವೀಜಿ. ಹೊಗೆ ದಟ್ಟವಾಗಿ ಬರಬೇಕು ಅನ್ನೋರು ವೀಜಿ 70, ಪೀಜಿ 30 ಹಾಕುತ್ತಾರೆ. ಮೇಲೆ ಒಂದಷ್ಟು ಫ್ಲೇವರ್, ಬೇಕಾದರೆ ನಿಕೋಟಿನ್. ವೀಜಿ ಅನ್ನೋದು ಅಂಟಂಟು, ಸೋಮಾರಿ. ಫ್ಲೇವರ್ ಅದರೊಳಗೆ ಸರಿಯಾಗಿ ಬೆರೆಯಲು ಹೊತ್ತು ಬೇಕು. ಹಣ್ಣಿನ ರುಚಿಗಳನ್ನು ಚೆನ್ನಾಗಿ ಕುಲುಕಿ ಅವತ್ತೇ ಎಳೆಯಬಹುದು. ಕಸ್ಟರ್ಡ್, ಕೆನೆ, ವೆನಿಲಾ, ತಂಬಾಕು ಇಂಥವುಗಳಿಗೆ ಎರಡರಿಂದ ನಾಲ್ಕು ವಾರ ಕಾಯಬೇಕು ಅಂತ ಈ ಮಂದಿಯ ನಂಬಿಕೆ. ನನ್ನ ರೂಮ್‌ಮೇಟ್ ಹಣ್ಣಿನ ಕಡೆ ತಿರುಗಿಯೂ ನೋಡಲ್ಲ. ಅವನಿಗೆ ಬೇಕಾದ್ದು ಕಸ್ಟರ್ಡೇ.

ಎಷ್ಟೋ ದೇಶಗಳು ಈ ವೇಪಿಂಗ್‌ಗೆ ಬಾಗಿಲು ಹಾಕಿವೆ. ಭಾರತ 2019ರಲ್ಲೇ ಕಾನೂನು ಮಾಡಿತು. ಮಾರೋದಿರಲಿ, ದಾಸ್ತಾನು ಇಡೋದೂ ತಪ್ಪು. ನಾವಿರುವ ಕಡೆ ಅಂಥದ್ದೇನೂ ಇಲ್ಲ. ನನ್ನ ಬೀರುವಿನ ಪರವಾಗಿ ನಿಲ್ಲುವ ಒಂದು ಕಾನೂನೂ ಈ ನೆಲದಲ್ಲಿಲ್ಲ.

ಕಾಯೋ ತಾಳ್ಮೆ ಇದ್ದವನಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮೂಲೆಯಲ್ಲಿ ನಾಲ್ಕು ಬಾಟ್ಲಿ, ಇದ್ದರೆ ಇರಲಿ. ಆದರೆ ಇವನಿಗೆ ಮಾಗಿದ ಜ್ಯೂಸೂ ಬೇಕು, ಕಾಯೋದೂ ಬೇಡ. ಬೆಳಗ್ಗೆ ಹಲ್ಲುಜ್ಜುತ್ತಾ ಒಂದು ಕೈಯಲ್ಲಿ ಬಾಟ್ಲಿ ಕುಲುಕುತ್ತಾನೆ. ಫೋನಲ್ಲಿ ಮಾತಾಡುತ್ತಾ ಕುಲುಕುತ್ತಾನೆ. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಗುಳುಗುಳು ಸದ್ದು. ಆಮೇಲೆ ಒಂದು ನಿಟ್ಟುಸಿರು. ಆಮೇಲೆ ಮತ್ತೆ ಗುಳುಗುಳು.

ಕುಲುಕಿದ್ದು ಸಾಲದು ಅಂತ ಬಿಸಿ ನೀರಿನ ಸ್ನಾನ ಶುರುವಾಯಿತು. ಬಿಸಿ ಮಾಡಿದರೆ ವೀಜಿ ತೆಳುವಾಗುತ್ತದೆ, ಬೇಗ ಬೆರೆಯುತ್ತದೆ. ಅದು ನಿಜ. ಆದರೆ ಬಿಸಿ, ಬೆಳಕು, ಗಾಳಿ ಮೂರೂ ತಗುಲಿದಷ್ಟು ನಿಕೋಟಿನ್ ಕೆಡುತ್ತಾ ಹೋಗುತ್ತದೆ, ಬಣ್ಣವೂ ಕಂದಾಗುತ್ತದೆ. ವೆನಿಲಾ ಘಮ ಕೊಡುವ ವೆನಿಲಿನ್ ಇದ್ದರೆ ಕೇಳೋದೇ ಬೇಡ, ಅದೂ ಬಣ್ಣ ತಿರುಗುತ್ತದೆ. ಇವನು ಆ ಕಂದು ಬಣ್ಣವನ್ನು ಟ್ಯೂಬ್‌ಲೈಟ್‌ಗೆ ಹಿಡಿದು, "ನೋಡು, ಹೇಗೆ ಮಾಗಿದೆ!" ಅಂತಾನೆ. ಬಣ್ಣ ಬಂದ ಮಾತ್ರಕ್ಕೆ ರುಚಿ ಬಂತು ಅಂತ ಏನೂ ಇಲ್ಲ ಮಾರಾಯ ಅಂದರೆ, ನಾನು ವೇಪ್ ಮಾಡದವನು, ನನಗೇನು ಗೊತ್ತು ಅನ್ನೋ ಹಾಗೆ ನೋಡುತ್ತಾನೆ. ಬಿಸಿ ನೀರು ಇಟ್ಟಿದ್ದು ನನ್ನ ಟೀ ಪಾತ್ರೆಯಲ್ಲಿ. ಅದನ್ನೂ ಇಲ್ಲೇ ದಾಖಲಿಸುತ್ತಿದ್ದೇನೆ.

ಅದಾದ ಮೇಲೆ ಅವನ ಕಣ್ಣು ಬಿದ್ದಿದ್ದು ನನ್ನ ಕನ್ನಡಕ ತೊಳೆಯೋ ಅಲ್ಟ್ರಾಸೋನಿಕ್ ಯಂತ್ರದ ಮೇಲೆ. ಅಂಗೈಯಗಲದ ಡಬ್ಬಿ. ನೀರು ಹಾಕಿ, ಕನ್ನಡಕ ಇಟ್ಟು, ಗುಂಡಿ ಒತ್ತಿದರೆ ಝುಂಯ್ ಅನ್ನುತ್ತದೆ, ಅಷ್ಟೆ. ಈ ಕಂಪನದಲ್ಲಿ ವಾರಗಳ ಕೆಲಸ ಗಂಟೆಗಳಲ್ಲಿ ಆಗುತ್ತದೆ ಅಂತ ಯಾರೋ ಹೇಳಿದರಂತೆ. ನಾನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ, ಇದ್ದ ಬಾಟ್ಲಿಗಳನ್ನೆಲ್ಲ ಒಂದೊಂದಾಗಿ ಅದರಲ್ಲಿ ಮುಳುಗಿಸಿದ್ದಾನೆ. ಬಾಟ್ಲಿಗೆ ಏನೂ ಆಗಲಿಲ್ಲ. ಲೇಬಲ್ ಮಾತ್ರ ಕಿತ್ತು ಬಂತು.

ನಾನು ಬಂದಾಗ ಮನೆಯಲ್ಲಿ ಸಾವಿನ ಕಳೆ. ಮೇಜಿನ ಮೇಲೆ ಒಂದೇ ಥರದ ಬಾಟ್ಲಿಗಳ ಸಾಲು. ಪಕ್ಕದಲ್ಲಿ ಒದ್ದೆ ಕಾಗದದ ಚೂರುಗಳು. ಅವುಗಳಲ್ಲಿ ಶಾಯಿ ಹರಡಿ ಯಾವ ಅಕ್ಷರವೂ ಕಾಣುತ್ತಿಲ್ಲ. ಕಸ್ಟರ್ಡ್ ಯಾವುದು, ವೆನಿಲಾ ಯಾವುದು, ಯಾವುದು ವಾರದ ಹಿಂದಿನದು, ಯಾವುದು ನಿನ್ನೆಯದು, ಒಂದೂ ಗೊತ್ತಿಲ್ಲ.

"ಮೂಸಿ ನೋಡು, ಗೊತ್ತಾಗುತ್ತೆ" ಅಂದೆ.

"ನನಗೆ ವಾಸನೆ ಬರ್ತಿಲ್ಲ ಗುರು" ಅಂದ. ದನಿಯಲ್ಲಿ ಅಳು.

ಇದಕ್ಕೆ ಇವರಲ್ಲಿ ವೇಪರ್ಸ್ ಟಂಗ್ ಅಂತಾರೆ. ಒಂದೇ ರುಚಿಯನ್ನು ಬೆಳಗಿಂದ ಸಂಜೆ ತನಕ ಎಳೆದರೆ ಮೂಗು ಅದನ್ನು ಲೆಕ್ಕಕ್ಕೇ ತಗೊಳ್ಳದೆ ಬಿಟ್ಟುಬಿಡುತ್ತದೆ. ಮನೆಯಲ್ಲಿ ಕೆಲಸ ಮಾಡುವ ಮೂಗು ಉಳಿದಿದ್ದು ಒಂದೇ. ಅದು ನನ್ನ ಮುಖದ ಮೇಲಿತ್ತು.

ಕೂರಿಸಿದ. ಎದುರಿಗೆ ಒಂದು ಬಿಳಿ ಹಾಳೆ, ಪೆನ್ನು. ತಾನೇ ಬರೆದುಕೊಳ್ಳುತ್ತಾನಂತೆ, ನಾನು ಹೇಳಿದರೆ ಸಾಕು. ಮೊದಲ ಬಾಟ್ಲಿ ಮೂಗಿನ ಹತ್ತಿರ ತಂದ.

"ಸಿಹಿ" ಅಂದೆ.

"ಎಲ್ಲವೂ ಸಿಹಿನೇ. ಎಂಥ ಸಿಹಿ?"

"ಬಿಸ್ಕತ್ ಥರ."

ಅವನ ಮುಖ ಅರಳಿತು. "ಬಿಸ್ಕತ್‌ನ ಅಂಚಾ, ನಡುವಾ?"

ನಾನು ಎದ್ದು ಹೋಗಬೇಕಿತ್ತು. ಆದರೆ ಹೊರಗೆ ಮಳೆ. ಮತ್ತೊಂದು ಬಾಟ್ಲಿ ಬಂತು. ಬೆಣ್ಣೆ ಅಂದೆ. ಹಾಳೆಯಲ್ಲಿ ಬರೆದ. ಇನ್ನೊಂದಕ್ಕೂ ಬೆಣ್ಣೆ ಅಂದೆ. "ಅದೇ ಬೆಣ್ಣೆನಾ? ಸರಿಯಾಗಿ ನೋಡಿ ಹೇಳು" ಅಂದ. ಬೆಣ್ಣೆಯಲ್ಲಿ ಇಷ್ಟು ಜಾತಿ ಇದೆ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನಡುವೆ ಕಾಫಿಪುಡಿ ಮೂಸಿಸಿದ, ಮೂಗು ತೊಳೆದ ಹಾಗಾಗುತ್ತದಂತೆ. ಅದಾದ ಮೇಲೆ ಬಂದಿದ್ದಕ್ಕೆ ನಾನು ಪ್ರಾಮಾಣಿಕವಾಗಿ ಹೇಳಿದೆ.

"ನೆಲ ಒರೆಸೋ ಲಿಕ್ವಿಡ್."

ಪೆನ್ನು ನಿಂತಿತು. ಬಾಟ್ಲಿಯನ್ನು ನಿಧಾನವಾಗಿ ಎದೆಗೆ ಒತ್ತಿಕೊಂಡ. "ಅದು ಲೆಮನ್ ಟಾರ್ಟ್" ಅಂದ. "ಎಲ್ಲಕ್ಕಿಂತ ಹಳೇದು. ಎಲ್ಲಕ್ಕಿಂತ ಚೆನ್ನಾಗಿ ಮಾಗಿರೋದು."

ಅವತ್ತು ಊಟ ಮಾಡುವಾಗ ಮಾತಿಲ್ಲ. ಆದರೆ ಹಾಳೆ ನೋಡಿದರೆ, ಅದೊಂದು ಬಾಟ್ಲಿಯ ಗುರುತು ಮಾತ್ರ ಪಕ್ಕಾ ಆಗಿತ್ತು. ಕೃತಜ್ಞತೆ ಇಲ್ಲದ ಜನ.

ಇವನ ವಾದಕ್ಕೆ ವಿಜ್ಞಾನದ ಬೆಂಬಲವೂ ಸಿಕ್ಕಿದೆ, ಅದೇ ತೊಂದರೆ. 2018ರಲ್ಲಿ ಯೇಲ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ವಿಷಯ ತೋರಿಸಿದರು. ವೆನಿಲಿನ್ ಥರದ ಫ್ಲೇವರ್ ರಾಸಾಯನಿಕಗಳು ಬಾಟ್ಲಿಯಲ್ಲಿ ಸುಮ್ಮನೆ ಕೂತಿರುವುದಿಲ್ಲ. ಪೀಜಿ ಜೊತೆ ಸೇರಿ ಅಸಿಟಲ್ ಅನ್ನೋ ಹೊಸ ಪದಾರ್ಥಗಳಾಗುತ್ತವೆ, ಬಿಸಿ ಮಾಡದೆಯೇ. ಇದನ್ನು ಓದಿದ ದಿನ ಇವನು ಕುಣಿದ. "ನೋಡಿದ್ಯಾ, ಒಳಗೆ ಏನೋ ನಡೀತಿದೆ ಅಂತ ನಾನು ಹೇಳಿರಲಿಲ್ವಾ?" ನಡೀತಿದೆ, ಸರಿ. ಆ ಹೊಸ ಪದಾರ್ಥಗಳು ಉಸಿರಾಟದ ದಾರಿಯನ್ನು ಕೆರಳಿಸುವಂಥವು ಅಂತಲೂ ಅವರೇ ಬರೆದಿದ್ದಾರೆ. ಆ ಸಾಲಿಗೆ ಬರುವಷ್ಟರಲ್ಲಿ ಇವನಿಗೆ ಫೋನ್ ಬಂತು.

ಬೆಣ್ಣೆ ವಾಸನೆಯದೂ ಹಾಗೇ. ಡಯಾಸಿಟೈಲ್ ಅಂತ ಒಂದಿದೆ, ಬೆಣ್ಣೆಯ ಘಮ ಕೊಡುವಂಥದ್ದು. 2000ದ ಸುಮಾರಿಗೆ ಅಮೆರಿಕದ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ಹಾಳಾಗಿದ್ದು ಬೆಳಕಿಗೆ ಬಂದಾಗ ಬೆರಳು ತಿರುಗಿದ್ದು ಇದರ ಕಡೆಗೇ. ತಿನ್ನೋಕೆ ಅಡ್ಡಿಯಿಲ್ಲದ್ದು ಎಳೆಯೋಕೂ ಅಡ್ಡಿಯಿಲ್ಲ ಅಂತ ಇಲ್ಲ. ಇಷ್ಟು ಹೇಳಿದರೆ ಅವನು ಬಾಟ್ಲಿ ತಿರುಗಿಸಿ "ಡಯಾಸಿಟೈಲ್ ಇಲ್ಲ" ಅಂತ ಬರೆದಿರೋದನ್ನು ತೋರಿಸುತ್ತಾನೆ. ಈ ವಿಷಯದಲ್ಲಿ ಮಾತ್ರ ಲೇಬಲ್ ಓದುತ್ತಾನೆ.

ಇಷ್ಟೆಲ್ಲ ಸರ್ಕಸ್ ಮಾಡಿ ಮಾಗಿದ ಜ್ಯೂಸ್ ಕೊನೆಗೆ ಏನಾಗುತ್ತದೆ? ಅದೇ ನನಗೆ ಮೈ ಉರಿಯುವ ವಿಷಯ. ಬೆರೆಸಿದ ದಿನವೇ "ಒಂದು ಹನಿ ಟೆಸ್ಟ್" ಅಂತ ತೆಗೆಯುತ್ತಾನೆ. ಮುಖ ಸಿಂಡರಿಸಿ, "ಇನ್ನೂ ಹಸಿ" ಅಂತಾನೆ. ಮಾರನೇ ದಿನ ಮತ್ತೆ ಒಂದು ಹನಿ, ಎಷ್ಟು ಸುಧಾರಿಸಿದೆ ನೋಡೋಕೆ. ಆ ಹನಿಗಳು ಬರಬರುತ್ತಾ ದೊಡ್ಡದಾಗುತ್ತವೆ. 30 ಎಂಎಲ್ ಬಾಟ್ಲಿ. ವಾರ ಕಳೆಯುವಷ್ಟರಲ್ಲಿ ಅರ್ಧ. ಕಸ್ಟರ್ಡ್ ನಿಜಕ್ಕೂ ಕಸ್ಟರ್ಡ್ ಆಗುವ ದಿನ ಬಂದಾಗ ತಳದಲ್ಲಿ ಒಂದಿಷ್ಟು ಅಂಟಿಕೊಂಡಿರುತ್ತದೆ. ಅದನ್ನು ಓರೆ ಮಾಡಿ, ತಟ್ಟಿ, ತಲೆಕೆಳಗೆ ನಿಲ್ಲಿಸಿ ಇಳಿಸಿಕೊಂಡು, ಒಂದು ಎಳೆದು, ಕಣ್ಣು ಮುಚ್ಚಿ, "ಛೇ, ಈಗ ಆಗಿತ್ತು ನೋಡು!" ಅಂತಾನೆ. ಪ್ರತಿ ಬಾಟ್ಲಿಗೂ ಇದೇ ಚರಮಗೀತೆ. ಹಾಗಾದ್ರೆ ಎರಡು ಬಾಟ್ಲಿ ಮಾಡು, ಒಂದನ್ನು ಮುಟ್ಟಬೇಡ ಅಂದೆ. ಮಾಡಿದ. ಮೊದಲನೆಯದು ಖಾಲಿಯಾದ ಮೇಲೆ, ಎರಡನೆಯದು ಅದರ ಹಾಗೇ ಆಗಿದೆಯಾ ಅಂತ ಟೆಸ್ಟ್ ಮಾಡಿದ.

ಒಂದು ಸಲ ಅವನು ಅಕ್ಕನ ಮನೆಗೆ ಹೋಗಿದ್ದಾಗ ಬೀರು ಪೂರ್ತಿ ಖಾಲಿ ಮಾಡಿ ಒರೆಸಿದೆ. ಹಿಂದಿನ ಸಾಲಿನಲ್ಲಿ ಹಳೇ ಖಾಲಿ ಬಾಟ್ಲಿಗಳು ಸಿಕ್ಕವು. ಆ ಲೇಬಲ್‌ಗಳು ಇನ್ನೂ ಗಟ್ಟಿಯಾಗಿದ್ದವು. ಪ್ರತಿಯೊಂದರ ಮೂಲೆಯಲ್ಲೂ ನಿಕೋಟಿನ್ ಲೆಕ್ಕ, ಒಂದು ಎಂಎಲ್‌ಗೆ ಇಷ್ಟು ಮಿಲಿಗ್ರಾಂ ಅಂತ. ಹಳೇದರಲ್ಲಿ 12. ಆಮೇಲಿನದರಲ್ಲಿ 6. ಆಮೇಲೆ 3. ಇದನ್ನೆಲ್ಲ ಅವನು ಶುರು ಮಾಡಿದ್ದು ಸಿಗರೇಟು ಬಿಡೋಕೆ ಅನ್ನೋದು ನನಗೆ ಮರೆತೇ ಹೋಗಿತ್ತು. ಮೊದಲೆಲ್ಲ ರಾತ್ರಿ ಗೋಡೆಯಾಚೆಯಿಂದ ಕೇಳುತ್ತಿದ್ದಿದ್ದು ಗುಳುಗುಳು ಅಲ್ಲ, ಕೆಮ್ಮು. ನೀರು ತಗೊಂಡು ಹೋಗಿ ಬಾಗಿಲು ತಟ್ಟಿದರೆ "ಏನಿಲ್ಲ, ಮಲ್ಕೋ" ಅನ್ನುತ್ತಿದ್ದ. ಮೂಲೆಯಲ್ಲಿ ಒಂದು ಬಾಟ್ಲಿ ತುಂಬಿದ್ದು ಹಾಗೇ ಇತ್ತು. ಅದರ ಮೇಲೆ ದಪ್ಪಕ್ಷರದಲ್ಲಿ 0 ಅಂತ ಬರೆದು ಎರಡು ಗೆರೆ ಎಳೆದಿದ್ದ. ಅದೊಂದನ್ನು ಮಾತ್ರ ಒಂದು ಹನಿ ಕೂಡ ಟೆಸ್ಟ್ ಮಾಡಿರಲಿಲ್ಲ. ನಾನು ಅದನ್ನು ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ. ಸ್ವೆಟರ್ ಪಕ್ಕ.

ಆ ಮೆತ್ತಗಿನ ಮನಸ್ಸು ಇವತ್ತಿನ ಕೇಕ್ ಪ್ರಸಂಗದವರೆಗೆ ಬಾಳಿತು. ಸಂಜೆ ಬಂದವನೇ ಅಂಗಿ ಬಿಚ್ಚಿ ಅವನ ಮೂಗಿಗೆ ಹಿಡಿದೆ. ಮೂಸಿ, "ಚೆನ್ನಾಗಿ ಬಂದಿದೆ ಅಲ್ವಾ?" ಅಂದ. ನಾನು ಕೂಗಾಡಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಒಂದು ಒಪ್ಪಂದವಾಯಿತು. ಇನ್ನು ಮುಚ್ಚಳ ತೆಗೆಯುವ ಹಾಗಿಲ್ಲ. ಬಾಟ್ಲಿಗಳೆಲ್ಲ ಒಂದು ಡಬ್ಬದಲ್ಲಿ. ಡಬ್ಬಕ್ಕೆ ಬೀಗ. ಬೀಗದ ಕೀ ನನ್ನ ಹತ್ತಿರ. "ನಾಲ್ಕು ವಾರ ಆಗೋವರೆಗೂ ಕೊಡಬೇಡ. ನಾನು ಕೈ ಮುಗಿದು ಕೇಳಿದ್ರೂ ಕೊಡಬೇಡ" ಅಂತ ಅವನೇ ಹೇಳಿದ.

ದೀಪ ಆರಿಸಿ ಇನ್ನೂ ಸರಿಯಾಗಿ ಮಗ್ಗುಲು ಬದಲಿಸಿರಲಿಲ್ಲ, ಬಾಗಿಲು ತಟ್ಟಿದ ಸದ್ದು.

"ಕೀ ಕೊಡು ಗುರು."

"ಕೊಡಬೇಡ ಅಂದಿದ್ದು ಯಾರು?"

"ಅದು ಎಳೆಯೋಕೆ. ಇದು ಕುಲುಕೋಕೆ. ಕುಲುಕದೆ ಬಿಟ್ರೆ ತಳಕ್ಕೆ ಕೂತ್ಕೊಂಡುಬಿಡುತ್ತೆ."

"ನಾನೇ ಕುಲುಕ್ತೀನಿ. ನೀನು ಹೋಗಿ ಮಲ್ಕೋ ಮಾರಾಯ."

ಹೋಗಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಕಾಲಿನ ನೆರಳು ಕಾಣುತ್ತಿತ್ತು. ಎದ್ದೆ, ಬೀಗ ತೆಗೆದೆ, ಕೈಗೆ ಸಿಕ್ಕ ಬಾಟ್ಲಿ ಎತ್ತಿ ಎರಡು ಸಲ ಅಲ್ಲಾಡಿಸಿದೆ.

"ಸದ್ದೇ ಬರ್ತಿಲ್ಲ" ಅಂತು ಬಾಗಿಲು. "ಇನ್ನೂ ಜೋರಾಗಿ."