ಸ್ಪಷ್ಟನೆ: ಬಾಸ್ ಕ್ಲಾರಿನೆಟ್‌ನ ರಿಜಿಸ್ಟರ್ ತೂತನ್ನು ಕೊರೆಯಬೇಡಿ

ಬಾಸ್ ಕ್ಲಾರಿನೆಟ್ (ತಗ್ಗಿನ ಸ್ವರದ ದೊಡ್ಡ ಕ್ಲಾರಿನೆಟ್, ಊದುವ ವಾದ್ಯ) 'ಸುಸ್' ಅಂತ ಸದ್ದು ಮಾಡಿದರೆ ರಿಜಿಸ್ಟರ್ ತೂತನ್ನು (ಮೇಲಿನ ಸ್ಥಾಯಿಯ ಸ್ವರ ಬರಿಸಲು ತೆರೆಯುವ ಚಿಕ್ಕ ತೂತು) ಸೂಜಿಯಿಂದ ದೊಡ್ಡದು ಮಾಡಿ ಎಣ್ಣೆ ಬಿಡಿ ಅನ್ನೋ ಮೆಸೇಜ್ ಮೈಸೂರಿನ ಬ್ಯಾಂಡ್ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ತೂತು ದೊಡ್ಡದಾದರೆ ಶ್ರುತಿ ಕೆಡುತ್ತದೆ. ಎಣ್ಣೆಗೆ ಪ್ಯಾಡ್ (ತೂತು ಮುಚ್ಚುವ ಮೆತ್ತೆ) ಅಂಟಿಕೊಳ್ಳುತ್ತದೆ.

ಮೊದಲು ಸದ್ದು ಎಂಥದ್ದು ಅಂತ ಕೇಳಿ. ಗುಳುಗುಳು ಅಂದರೆ ತೂತಿನಲ್ಲಿ ನೀರು ನಿಂತಿರುತ್ತದೆ, ಪ್ಯಾಡ್ ಕೆಳಗೆ ಸಿಗರೇಟ್ ಪೇಪರ್ ಇಟ್ಟು ಒತ್ತಿದರೆ ಹೀರಿಕೊಳ್ಳುತ್ತದೆ. ಎರಡು ರಿಜಿಸ್ಟರ್ ತೂತಿನ ಆಟೋಮ್ಯಾಟಿಕ್ ವಾದ್ಯದಲ್ಲಿ (ಒಂದೇ ಕೀ ಒತ್ತಿದರೆ ಬೇಕಾದ ತೂತು ತಾನೇ ತೆರೆಯುವಂಥದ್ದು) ಮೇಲಿನ ಸ್ಥಾಯಿಯ ಡಿ ಶಾರ್ಪ್‌ವರೆಗೆ ಕೆಳಗಿನ ತೂತು, ಇ ಸ್ವರದಿಂದ ಮೇಲಕ್ಕೆ ಮೇಲಿನ ತೂತು ತೆರೆಯಬೇಕು. ಸದ್ದು ಎಲ್ಲಿ ಬದಲಾಗುತ್ತದೆ ಅಂತ ನೋಡಿದರೆ ತೊಂದರೆ ಯಾವುದರದ್ದು ಅಂತ ತಿಳಿಯುತ್ತದೆ. ಎರಡೂ ಒಟ್ಟಿಗೆ ತೆರೆದುಕೊಂಡರೆ ಕೀಗಳ ಹೊಂದಾಣಿಕೆ ತಪ್ಪಿದೆ, ರಿಪೇರಿಯವರಿಗೇ ತೋರಿಸಿ. ಚಿಕ್ಕ ತೂತಿನಿಂದ ಗಾಳಿ ನುಗ್ಗುವ ಸಣ್ಣ ಸದ್ದು ಮಾಮೂಲಿ, ಅದಕ್ಕೆ ಸುಮ್ನೆ ಗಾಬರಿ ಬೇಡ.

ದಯವಿಟ್ಟು ಆ ಮೆಸೇಜ್ ಇನ್ಯಾರಿಗೂ ಕಳಿಸಬೇಡಿ.