ಬಂದೂಕು ಠಾಣೆಯಲ್ಲಿ, ಹಂದಿ ಹೊಲದಲ್ಲಿ

ಚುನಾವಣೆ ಘೋಷಣೆಯಾದ ಕೂಡಲೇ ಪ್ರಜಾಪ್ರಭುತ್ವಕ್ಕೆ ಗಂಡಾಂತರ ಎಲ್ಲಿಂದ ಬರುತ್ತದೆ ಗೊತ್ತೇ? ಪಾವಗಡದ ಕಡಲೆಕಾಯಿ ಹೊಲದಿಂದ, ಶ್ರೀನಿವಾಸಪುರದ ಮಾವಿನ ತೋಪಿನಿಂದ. ಅಲ್ಲಿ ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕೂತ ಮುದುಕಪ್ಪನ ಪಕ್ಕ ಬೆಳೆ ಕಾಯಲು ಲೈಸೆನ್ಸ್ ಪಡೆದ, ಅವರಪ್ಪನ ಕಾಲದ ಒಂಟಿ ನಳಿಕೆ ಬಂದೂಕಿದೆ. ಚುನಾವಣೆ ಮುಗಿಯುವವರೆಗೆ ಅದನ್ನು ತಕ್ಷಣ ಠಾಣೆಗೆ ತಂದು ಒಪ್ಪಿಸಬೇಕು ಎಂದು ಆದೇಶ.

ಈ ಬಂದೂಕು ಹಿಡಿದು ಮತಗಟ್ಟೆ ವಶಪಡಿಸಿಕೊಳ್ಳುವ ವಿಧಾನವನ್ನು ಸ್ವಲ್ಪ ನೋಡೋಣ. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದಿರುವ ಇದು ನಳಿಕೆಯ ಬಾಯಿಂದ ಮದ್ದು ತುಂಬುವ ಜಾತಿ. ಬುಡ ನೆಲಕ್ಕೂರಿ ಮದ್ದು ಸುರಿಯಬೇಕು, ಮೇಲೆ ನಾರು ತುರುಕಿ ಗಜ ಎಂಬ ಉದ್ದ ಕೋಲಿನಲ್ಲಿ ಕುಟ್ಟಬೇಕು, ಚರೆ, ಅಂದರೆ ಸಣ್ಣ ಗುಂಡು, ಹಾಕಬೇಕು, ಅದು ಉರುಳಿ ಬರದಂತೆ ಮತ್ತೆ ನಾರು, ಮತ್ತೆ ಕುಟ್ಟು. ಆಮೇಲೆ ಕಿಡಿ ಕೊಡುವ ಪುಟ್ಟ ಕೇಪು ಇಟ್ಟು ಕುದುರೆ (ಟ್ರಿಗರ್) ಎಳೆಯಬೇಕು. ಮದ್ದು ಥಂಡಿ ಹಿಡಿದಿದ್ದರೆ ಕೇಪು ಚಟ್ಟೆನ್ನುತ್ತದೆ, ಬಂದೂಕು ಸುಮ್ಮನಿರುತ್ತದೆ. ಹಾರಿತು ಅಂತಲೇ ಇಟ್ಟುಕೊಳ್ಳಿ, ಎರಡನೇ ಸಲಕ್ಕೆ ಮೊದಲಿನಿಂದ ಶುರು. ಅಷ್ಟರಲ್ಲಿ ಪಕ್ಷದ ಏಜೆಂಟರು ಚಿತ್ರಾನ್ನದ ಪೊಟ್ಟಣ ಬಿಚ್ಚಿ ತಿಂದು ಕೈ ತೊಳೆದಿರುತ್ತಾರೆ.

ಚುನಾವಣಾ ಆಯೋಗ ಹೇಳುವುದೇನೋ ನ್ಯಾಯವಾಗಿಯೇ ಇದೆ. ಜಿಲ್ಲಾ ಪರಿಶೀಲನಾ ಸಮಿತಿ ಲೈಸೆನ್ಸುಗಳನ್ನು ತೂಗಿ ನೋಡಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಆಯುಧ ಜಮಾ ಮಾಡಿಸಬೇಕು. ಆದರೆ ಒಂದೊಂದೇ ಕಡತ ಬಿಚ್ಚುವುದು ಕಷ್ಟ, ‘ಎಲ್ಲರೂ’ ಎಂದು ಟೈಪ್ ಮಾಡುವುದು ಸುಲಭ. ಎಲ್ಲರೂ ಅಂದರೆ ಪಟ್ಟಿಯಲ್ಲಿ ಹೆಸರಿರುವವರು. ರಾತ್ರಿ ಬೇಟೆಗೆ ಹೊರಡುವವನ ನಾಡ ಬಂದೂಕಿಗೆ ಲೈಸೆನ್ಸೇ ಇಲ್ಲವಲ್ಲ, ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅದು ಹುಟ್ಟೇ ಇಲ್ಲ. ಬೀಟಿನ ಪೊಲೀಸರು ಮತ್ತೆ ಮತ್ತೆ ಲೈಸೆನ್ಸುದಾರನ ಬಾಗಿಲನ್ನೇ ಬಡಿಯುತ್ತಾರೆ. ಪಾಪ, ಅವರ ಹತ್ತಿರ ಇರುವುದು ಅವನ ವಿಳಾಸವೊಂದೇ.

2024ರ ಲೋಕಸಭೆ ಚುನಾವಣೆಯನ್ನೇ ತೆಗೆದುಕೊಳ್ಳಿ. ಮಾರ್ಚ್ 16ಕ್ಕೆ ನೀತಿ ಸಂಹಿತೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಏಪ್ರಿಲ್ 26ಕ್ಕೆ ಓಟು ಮುಗಿಯಿತು. ಎಣಿಕೆ ಜೂನ್ 4ಕ್ಕೆ. ನಡುವಿನ 39 ದಿನ ಮತಯಂತ್ರ ಸ್ಟ್ರಾಂಗ್ ರೂಮಿನಲ್ಲಿ, ಬಂದೂಕು ಠಾಣೆಯಲ್ಲಿ, ಕೋತಿ ಮಾವಿನ ಮರದಲ್ಲಿ. ಸರಿಯಾಗಿ ಬಾದಾಮಿ ಮಾವಿನ ಸುಗ್ಗಿ. ಸಾಲದ್ದಕ್ಕೆ ಜೂನ್ 3ಕ್ಕೆ ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದ ಮತದಾನ ಬೇರೆ. ಮೇಷ್ಟ್ರುಗಳು ಪ್ರಾಶಸ್ತ್ಯದ ಮತ ಹಾಕುವಾಗ ಅಟ್ಟಣೆಯಿಂದ ಗುಂಡು ಹಾರಿಬಿಟ್ಟರೆ ಏನು ಗತಿ! ಫಲಿತಾಂಶ ಬಂದ ಮೇಲೂ ಬಂದೂಕು ಕೈಗೆ ಸಿಗಲು ಇನ್ನೊಂದು ವಾರ ಕಾಯಬೇಕು.

ಹೋಗಲಿ, ಬಂದೂಕು ಕೈಯಲ್ಲಿದ್ದಾಗ ಏನು ಹೊಡೆಯಬಹುದು? ನವಿಲು, ಕರಡಿ ವನ್ಯಜೀವಿ ಕಾಯ್ದೆಯಲ್ಲಿ ಕಟ್ಟುನಿಟ್ಟಿನ ರಕ್ಷಣೆಯಿರುವ ಮೊದಲನೇ ಅನುಸೂಚಿಯಲ್ಲಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗವೂ ಅಲ್ಲೇ. ಕಾಡುಹಂದಿಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅನುಮತಿ ಬರುವವರೆಗೆ ಹಂದಿ ಹೊಲದಲ್ಲೇ ಕಾಯುತ್ತದೆ, ತಿನ್ನುತ್ತಾ. ಉಳಿದದ್ದು ಆಕಾಶ. ಅದಕ್ಕೂ ನೋಡಿಕೊಂಡೇ ಹೊಡೆಯಬೇಕು: ಅಜಾಗರೂಕತೆಯಿಂದ ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ, ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇನ್ನು ಸಾರ್ವಜನಿಕ ಸುರಕ್ಷತೆ. ಕೇಪು ತೆಗೆದಿದೆ, ಆದ್ದರಿಂದ ಬಂದೂಕು ಖಾಲಿ ಎಂದು ನಂಬಿ ಠಾಣೆಯ ಮೂಲೆಗೆ ಒರಗಿಸುವವರಿದ್ದಾರೆ. ಮದ್ದು, ಚರೆ ಒಳಗೇ ಕೂತಿರಬಹುದು. ತಿಳಿಯುವ ದಾರಿ ಸುಲಭ: ಗಜವನ್ನು ಮೆಲ್ಲಗೆ ನಳಿಕೆಯೊಳಗೆ ಬಿಡಿ, ಮುಖ ಮಾತ್ರ ಬಾಯಿಯ ಮೇಲೆ ತರಬೇಡಿ. ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗುರುತು ಹಿಡಿದು ಹೊರತೆಗೆದು ನಳಿಕೆಯ ಪಕ್ಕ ಇಟ್ಟು ನೋಡಿ. ಅದರ ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ತುಂಬಿದೆ. ರಸೀದಿಯಲ್ಲಿ ಬಂದೂಕಿನ ನಂಬರಿಗೆ ಜಾಗವಿದೆ, ಗಜ ಬಿಟ್ಟು ನೋಡಿದಿರಾ ಎಂಬುದಕ್ಕಿಲ್ಲ. ಮತದಾರರ ಕ್ಷೇಮಕ್ಕಾಗಿ ತಂದ ಬಂದೂಕು ಹೀಗೆ ರೈಟರ್ ಸಾಹೇಬರ ಬೆನ್ನ ಹಿಂದೆ ತುಂಬಿಕೊಂಡೇ ನಿಂತಿರುತ್ತದೆ.

ವಾಪಸು ಬಂದಾಗ ಅದರ ಅವಸ್ಥೆ ಬೇರೆ. ಕರಿಮದ್ದಿನ ಮಸಿ ತೇವ ಎಳೆಯುತ್ತದೆ, ತೊಳೆಯದೆ ಎರಡು ತಿಂಗಳು ಇಟ್ಟರೆ ನಳಿಕೆ ಒಳಗಿನಿಂದ ತುಕ್ಕು ತಿನ್ನುತ್ತದೆ, ಕೇಪಿನ ತೂತು ಕಟ್ಟುತ್ತದೆ. ಕೊಡುವ ಮೊದಲೇ ಖಾಲಿ ಮಾಡಿ, ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಎಣ್ಣೆ ಹಚ್ಚಬೇಕು.

2019ರ ತಿದ್ದುಪಡಿ ಲೈಸೆನ್ಸಿನ ಆಯಸ್ಸನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಆ ಐದು ವರ್ಷದಲ್ಲಿ ಲೋಕಸಭೆ, ವಿಧಾನಸಭೆ, ಪರಿಷತ್ತು, ಗ್ರಾಮ ಪಂಚಾಯಿತಿ ಎಲ್ಲ ಬಂದುಹೋಗುತ್ತವೆ. 2021ರಲ್ಲೇ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆ ಮಾತ್ರ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಅದನ್ನು ಜನ ಸುಮ್ಮನೆ ಬೈದರು. ಬೆಳೆ ರಕ್ಷಣೆಗೆ ಸರ್ಕಾರ ಅಷ್ಟು ದೊಡ್ಡ ಉಪಕಾರ ಇನ್ನೊಂದು ಮಾಡಿಲ್ಲ.